ಸೀಟು ಸಿಕ್ಕಿದ ಮೇಲೆ ಮೊದಲ ಆರು ತಿಂಗಳು: ನಮ್ಮ ಮಕ್ಕಳನ್ನು ಕಾಲೇಜಿನಲ್ಲಿ ಉಳಿಸಿಕೊಳ್ಳುವುದು ಹೇಗೆ?

ಫಿಸಿಯಾಲಜಿ_ಟೀಚರ್

ಎಲ್ಲರಿಗೂ ನಮಸ್ಕಾರ. ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ಫಿಸಿಯಾಲಜಿ ಕಲಿಸುತ್ತೇನೆ. ಹೋದ ವಾರ ನಡೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಇಂಟರ್ನಲ್ಸ್‌ನ (ಕಾಲೇಜೇ ನಡೆಸುವ ಪರೀಕ್ಷೆ) ವೈವಾ, ಅಂದರೆ ಮೌಖಿಕ ಪರೀಕ್ಷೆ. ಒಬ್ಬ ಹುಡುಗಿ ಬಂದು ಕೂತಳು. ರಾಯಚೂರು ಕಡೆಯ ಹಳ್ಳಿಯವಳು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಹೈಸ್ಕೂಲು ದಾಟಿದವರು ಯಾರೂ ಇಲ್ಲ. ರಕ್ತನಾಳ ಕಿರಿದಾದರೆ ರಕ್ತದೊತ್ತಡ ಯಾಕೆ ಏರುತ್ತದೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಉತ್ತರ ಇಲ್ಲ. ಎರಡೂ ಕೈ ಮೇಜಿನ ಅಂಚು ಹಿಡಿದುಕೊಂಡಿದ್ದವು, ಬೆರಳ ತುದಿ ಬೆಳ್ಳಗಾಗಿತ್ತು. ಜೊತೆಗಿದ್ದ ಪರೀಕ್ಷಕರು ಸೊನ್ನೆ ಬರೆಯಲು ಪೆನ್ನು ಎತ್ತಿದರು. ನಾನು "ಕನ್ನಡದಲ್ಲೇ ಹೇಳಮ್ಮ" ಅಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಹೇಳಿದಳು: "ಮೇಡಂ, ನಾವು ಮೆಣಸಿನಕಾಯಿ ಹೊಲಕ್ಕೆ ಪೈಪಿನಲ್ಲಿ ನೀರು ಬಿಡ್ತೀವಿ. ಪೈಪಿನ ಬಾಯಿ ಅದುಮಿದರೆ ಹಿಂದಿನ ಪೈಪು ಬಿಗಿ ಆಗ್ತದ. ಮೋಟರ್ ಮೇಲೆ ಭಾರ ಬೀಳ್ತದ. ಹೃದಯಾನೂ ಮೋಟರ್ ಇದ್ದಂಗ."

ಇಷ್ಟು ಚೆನ್ನಾಗಿ ಹೇಳಿದವರು ಆ ದಿನ ಬೇರೆ ಯಾರೂ ಇರಲಿಲ್ಲ. ಆದರೂ ಥಿಯರಿಯಲ್ಲಿ ಅವಳು ಫೇಲ್. ಮರುದಿನ ಬಂದು "ಮೇಡಂ, ಟಿಸಿ ತಗೊಂಡು ಹೋಗ್ತೀನಿ" ಅಂದಳು.

ನಮ್ಮಲ್ಲಿ ಸೀಟಿನ ದಾರಿ ಇದೆ. ಎಸ್‌ಸಿಗೆ 17%, ಎಸ್‌ಟಿಗೆ 7% ಮೀಸಲಾತಿ. ಅದರೊಳಗೇ ಗ್ರಾಮೀಣಕ್ಕೆ 15%, ಕನ್ನಡ ಮಾಧ್ಯಮಕ್ಕೆ 5%. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. 2017ರಿಂದ ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಗೇಟು ದಾಟಿದ ಮರುದಿನದಿಂದ ಎಲ್ಲವೂ ಇಂಗ್ಲಿಷ್. ಇಲ್ಲಿ ಕೈ ಹಿಡಿಯುವವರು ಯಾರು? ನೀವು ಏನು ಮಾಡಿದಿರಿ, ಯಾವುದು ಫಲಿಸಿತು, ದಯವಿಟ್ಟು ಬರೆಯಿರಿ. ಆ ಹುಡುಗಿಗೆ ಎರಡು ವಾರ ಟೈಮ್ ಕೇಳಿದ್ದೇನೆ.

ಎಸ್‌ಸಿಕೆ_ಇಂಟರ್ನ್

ಮೇಡಂ, ಮೊದಲು ಅವಳಿಗೆ ಟಿಸಿ ಕೊಡಬೇಡಿ. ಐದು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ. ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ, ನಿನ್ನೆ ರಾತ್ರಿ ಲೇಬರ್ ವಾರ್ಡಿನಲ್ಲಿ ಡ್ಯೂಟಿ ಇತ್ತು.

ನನ್ನ ಹೆಸರಿಗಿಂತ ಮೊದಲು ಕ್ಲಾಸಿಗೆ ಗೊತ್ತಾಗಿದ್ದು ನನ್ನ ಕೆಟಗರಿ. ಸೀಟು ಹಂಚುವ ಕೆಇಎ (ಪರೀಕ್ಷಾ ಪ್ರಾಧಿಕಾರ) ಪಟ್ಟಿಯಲ್ಲಿ ಹೆಸರಿನ ಮುಂದೆ ಎಸ್‌ಸಿಕೆ, ಅಂದರೆ ಎಸ್‌ಸಿ ಕನ್ನಡ ಮಾಧ್ಯಮ, ಅಂತ ಇರುತ್ತದಲ್ಲ, ಅದು. ಹಾಸ್ಟೆಲ್‌ಗೆ ಹೋದ ಮೊದಲ ರಾತ್ರಿ ಸೀನಿಯರ್ ಒಬ್ಬ "ರ್‍ಯಾಂಕ್ ಎಷ್ಟು?" ಅಂದ. ರ್‍ಯಾಂಕ್ ಕೇಳುವುದು ಅಂದರೆ ಜಾತಿ ಕೇಳುವುದು ಅಂತ ನನಗೆ ಆಗ ಗೊತ್ತಿರಲಿಲ್ಲ. ಹೇಳಿಬಿಟ್ಟೆ. ಆಮೇಲೆ ಆ ಟೇಬಲ್‌ನಲ್ಲಿ ನನಗೆ ಜಾಗ ಇರಲಿಲ್ಲ.

ಅನಾಟಮಿ ಕ್ಲಾಸಿನಲ್ಲಿ ಮೂವತ್ತು ಹೊಸ ಪದ ಬಂದರೆ ಇಪ್ಪತ್ತೈದು ಕಿವಿಗೇ ಬೀಳುತ್ತಿರಲಿಲ್ಲ. ಬರೆದುಕೊಳ್ಳೋಣ ಅಂದರೆ ಸ್ಪೆಲಿಂಗ್ ಬಾರದು. ಮನೆಗೆ ಫೋನ್ ಮಾಡಿದರೆ ಅಪ್ಪ "ಡಾಕ್ಟ್ರೇ" ಅಂತ ಕರೆಯುತ್ತಿದ್ದರು. ಹೇಗೆ ಹೇಳಲಿ ಅವರಿಗೆ?

ಉಳಿಸಿದ್ದು ಒಬ್ಬ ಸೀನಿಯರ್. ನಮ್ಮ ಜಾತಿಯವರಲ್ಲ, ನಮ್ಮ ಜಿಲ್ಲೆಯವರೂ ಅಲ್ಲ. ತಮ್ಮ ಬೋನ್ ಸೆಟ್ ತಂದು ನನ್ನ ಮಂಚದ ಕೆಳಗೆ ಇಟ್ಟರು. ಹಳೇ ಟ್ರಂಕು, ಮೂಳೆಗಳನ್ನು ಲುಂಗಿಯಲ್ಲಿ ಸುತ್ತಿಟ್ಟಿದ್ದರು. ಹೊಸದು ಕೊಳ್ಳಲು ನನ್ನ ಹತ್ತಿರ ದುಡ್ಡಿರಲಿಲ್ಲ, ಅದನ್ನು ಕೇಳದೆಯೇ ತಿಳಿದುಕೊಂಡಿದ್ದರು. ದಿನಾ ರಾತ್ರಿ ಊಟ ಆದ ಮೇಲೆ ಒಂದು ಗಂಟೆ. ಹೆಗಲ ಮೂಳೆ ಕೈಗೆ ಕೊಟ್ಟು "ಕಣ್ಣು ಮುಚ್ಚು, ಬೆರಳಿನಲ್ಲಿ ಹುಡುಕು" ಅನ್ನುತ್ತಿದ್ದರು. ಬೆರಳಿಗೆ ಸಿಕ್ಕ ಏಣನ್ನು ಮೊದಲು ಕನ್ನಡದಲ್ಲಿ ಹೇಳಬೇಕು, ಆಮೇಲೆ ಅದರ ಇಂಗ್ಲಿಷ್ ಹೆಸರು ಮೂರು ಸಲ ಜೋರಾಗಿ. ಬಾಯಿ ತಿರುಗದ ಪದಗಳನ್ನು ಅವರು ನನ್ನ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಕೊಟ್ಟರು. ಮಲಗುವಾಗ ಕೇಳುತ್ತಿದ್ದೆ.

ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಹಾಕಿದ್ದೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡದಲ್ಲಿ ಅರ್ಥ. ನವೆಂಬರ್‌ನಲ್ಲಿ ಬಲಗಡೆ ತುಂಬಾ ಬರೆದಿದ್ದೇನೆ. ಮಾರ್ಚ್ ಹೊತ್ತಿಗೆ ಬಲಗಡೆ ಖಾಲಿ. ಆ ಪುಸ್ತಕ ಇನ್ನೂ ಇದೆ ಮೇಡಂ, ಅವಳಿಗೆ ಕಳಿಸಿಕೊಡುತ್ತೇನೆ.

ಇನ್ನೊಂದು. ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ ಅನ್ನುವ ನಿಯಮ ಎನ್‌ಎಂಸಿಯದು (ರಾಷ್ಟ್ರೀಯ ವೈದ್ಯಕೀಯ ಆಯೋಗ). ಅದನ್ನು ಹೆದರಿಸಲು ಹೇಳುವವರೇ ಜಾಸ್ತಿ. ಒಂದು ಇಂಟರ್ನಲ್ಸ್ ಹೋದರೆ ಅದು ಆ ನಾಲ್ಕರ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವಳಿಗೆ ಬಿಡಿಸಿ ಹೇಳಿ. ನನಗೆ ಯಾರೂ ಹೇಳಿರಲಿಲ್ಲ, ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

ಅಂಗನವಾಡಿ_ಅಮ್ಮ

ನನ್ನ ಮಗಳೂ ಈ ವರ್ಷ ಸೇರಿದ್ದಾಳೆ. ಬೇರೆ ಕಾಲೇಜು. ರಾತ್ರಿ ಫೋನ್ ಮಾಡಿದರೆ "ಚೆನ್ನಾಗಿದ್ದೀನಿ" ಅಂತಾಳೆ, ಆದರೆ ಗಂಟಲು ಕಟ್ಟಿರುತ್ತದೆ. ನಾನು ಅಂಗನವಾಡಿ ಕಾರ್ಯಕರ್ತೆ, ಅವಳಪ್ಪ ಇಲ್ಲ. ಸ್ಕಾಲರ್‌ಶಿಪ್ ಅರ್ಜಿ ಹಾಕಿ ಮೂರು ತಿಂಗಳಾಯಿತು, ದುಡ್ಡು ಬಂದಿಲ್ಲ. ಪುಸ್ತಕಕ್ಕೆ ಸಂಘದಲ್ಲಿ ಸಾಲ ತೆಗೆದಿದ್ದೇನೆ. ಮೇಲೆ ಬರೆದ ಅಣ್ಣನ ಮಾತು ಓದಿ ಅವಳು ಯಾಕೆ ಫೋನ್ ಬೇಗ ಇಡುತ್ತಾಳೆ ಅಂತ ಈಗ ಅರ್ಥವಾಯಿತು. ಸ್ಕಾಲರ್‌ಶಿಪ್ ಎಲ್ಲಿ ನಿಂತಿದೆ ಅಂತ ನೋಡುವುದು ಹೇಗೆ, ಯಾರಾದರೂ ಹೇಳಿ.

ಹಾಸ್ಟೆಲ್_ವಾರ್ಡನ್

ಅಮ್ಮಾ, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ದುಡ್ಡು ನಿಲ್ಲುವುದು ಸಾಮಾನ್ಯವಾಗಿ ಮೂರು ಕಡೆ.

ಮೊದಲನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟು) ಅರ್ಜಿ ಅಲ್ಲೇ ಕೂರುತ್ತದೆ. ಎರಡನೆಯದು ಇ-ದೃಢೀಕರಣ. ದಾಖಲೆಗಳನ್ನು ಕಾಲೇಜಿನ ಇ-ಅಟೆಸ್ಟೇಶನ್ ಅಧಿಕಾರಿ ಆನ್‌ಲೈನ್‌ನಲ್ಲಿ ಒಪ್ಪಬೇಕು. ಮಕ್ಕಳು ಅರ್ಜಿ ಹಾಕಿದರೆ ಆಯಿತು ಅಂದುಕೊಳ್ಳುತ್ತಾರೆ, ಇದೊಂದು ಉಳಿದುಬಿಡುತ್ತದೆ. ಮೂರನೆಯದು ಬ್ಯಾಂಕು, ಇದೇ ಜಾಸ್ತಿ. ಖಾತೆ ನಂಬರ್ ಕೊಟ್ಟರೆ ಸಾಲದು, ಆ ಖಾತೆಗೇ ಆಧಾರ್ ಸೀಡಿಂಗ್ (ಜೋಡಣೆ) ಆಗಿರಬೇಕು. ಎಷ್ಟೋ ಮಕ್ಕಳಿಗೆ ಪ್ರೈಮರಿಯಲ್ಲಿ ಊರಿನ ಬ್ಯಾಂಕಿನಲ್ಲಿ ತೆಗೆದ ಖಾತೆಗೇ ಇನ್ನೂ ಸೀಡಿಂಗ್ ಇರುತ್ತದೆ. ದುಡ್ಡು ಅಲ್ಲಿಗೆ ಹೋಗುತ್ತದೆ, ಇಲ್ಲವಾದರೆ ಖಾತೆ ನಿಂತುಹೋಗಿದ್ದರೆ ವಾಪಸ್ ಹೋಗುತ್ತದೆ. ಮಗಳಿಗೆ ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಲು ಹೇಳಿ, ಎರಡು ನಿಮಿಷದ ಕೆಲಸ. ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಪ್ರತಿ ವರ್ಷ ಬೇಕಾಗುತ್ತದೆ.

ಎಸ್‌ಸಿ ಮಕ್ಕಳ ಪೋಸ್ಟ್ ಮೆಟ್ರಿಕ್‌ಗೆ ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷ ದಾಟಬಾರದು. ಕೇಂದ್ರದ ನಿಯಮದಂತೆ ಮೆಡಿಕಲ್, ಎಂಜಿನಿಯರಿಂಗ್ ಓದುವ ಹಾಸ್ಟೆಲ್ ಮಕ್ಕಳಿಗೆ ಫೀಸು ಬಿಟ್ಟು ಭತ್ಯೆ ವರ್ಷಕ್ಕೆ 13,500 ರೂ. ತಿಂಗಳಿಗೆ 1,125 ಬಿತ್ತು. ಅದೂ ತಡವಾಗಿ ಬಂದರೆ ಮಕ್ಕಳು ಮೊದಲು ಬಿಡುವುದು ಬೆಳಗಿನ ತಿಂಡಿ. ನನ್ನ ಹಾಸ್ಟೆಲ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ಕಾಲೇಜಿನವರು ದಯವಿಟ್ಟು ಸೆಪ್ಟೆಂಬರ್‌ನಿಂದ ಜನವರಿವರೆಗೆ ಸಾಲವಾಗಿ ಕೊಡಲು ಒಂದು ಸಣ್ಣ ನಿಧಿ ಇಟ್ಟುಕೊಳ್ಳಿ. ಐದು ಸಾವಿರ ಸಾಕು ಒಂದು ಮಗುವಿಗೆ. ಸ್ಕಾಲರ್‌ಶಿಪ್ ಬಂದ ಮೇಲೆ ಕೊಟ್ಟೇ ಕೊಡುತ್ತಾರೆ.

ಹಳೇ_ಬ್ಯಾಚ್_90

ಓದಿ ಬೇಸರವಾಯಿತು, ಆದರೂ ಒಂದು ಮಾತು ಕೇಳಲೇಬೇಕು. ನಾನು ಬಡ ಮನೆಯಿಂದಲೇ ಬಂದವನು, ಜನರಲ್ ಮೆರಿಟ್. ನನಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಕಷ್ಟ ಎಲ್ಲರಿಗೂ ಇದೆ ಅಲ್ವಾ? ಒಂದು ಗುಂಪಿಗೆ ಮಾತ್ರ ಬೇರೆ ಕ್ಲಾಸು ಮಾಡಿದರೆ ಅವರ ಮೇಲೆ ಇನ್ನೊಂದು ಗುರುತು ಹಾಕಿದ ಹಾಗೆ ಆಗುವುದಿಲ್ಲವೇ? ನೋಯಿಸಲು ಕೇಳುತ್ತಿಲ್ಲ, ನಿಜವಾಗಿಯೂ ತಿಳಿಯಬೇಕು.

ಎಸ್‌ಸಿಕೆ_ಇಂಟರ್ನ್

ಸರ್, ನಿಮ್ಮ ಎರಡನೇ ಪ್ರಶ್ನೆ ಸರಿ. ನಮ್ಮ ಕಾಲೇಜಿನಲ್ಲಿ ಸಂಜೆ ಐದಕ್ಕೆ 'ರೆಮಿಡಿಯಲ್' ಅಂತ ಬೋರ್ಡ್ ಹಾಕಿ ನಮ್ಮ ರೋಲ್ ನಂಬರ್ ಅಂಟಿಸಿದ್ದರು. ಆ ಕ್ಲಾಸಿಗೆ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆವು. ಮೂರನೇ ವಾರಕ್ಕೆ ಯಾರೂ ಹೋಗಲಿಲ್ಲ.

ಮೊದಲನೆಯದಕ್ಕೆ ಉತ್ತರ ಹೀಗೆ. ನಿಮಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಹತ್ತಿರ ಊಟದ ತಟ್ಟೆ ತಂದು ಕೂರಲು ಯಾರೂ ಹಿಂಜರಿದಿರಲಿಕ್ಕಿಲ್ಲ. ಗೊತ್ತಿಲ್ಲದ್ದನ್ನು ನೀವು ಕೇಳಿದರೆ ಅದು ಬರೀ ಪ್ರಶ್ನೆ. ನಾವು ಕೇಳಿದರೆ "ಕೋಟಾದವರು ಹೀಗೇ" ಅಂತ ಆಗುತ್ತದೆ. ಆ ಭಯಕ್ಕೆ ನಾವು ಕೇಳುವುದನ್ನೇ ಬಿಡುತ್ತೇವೆ. ಮೆಡಿಕಲ್‌ನಲ್ಲಿ ಕೇಳುವುದನ್ನು ಬಿಟ್ಟವನು ಹಿಂದೆ ಬೀಳಲೇಬೇಕು.

ಸಮುದಾಯ_ವೈದ್ಯೆ

ಇಂಟರ್ನ್ ಹೇಳಿದ್ದು ಒಂದು ಕಾಲೇಜಿನ ಕಥೆಯಲ್ಲ. ದೆಹಲಿಯ ಏಮ್ಸ್‌ನಲ್ಲಿ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳ ದೂರುಗಳನ್ನು ನೋಡಲು 2006ರಲ್ಲಿ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದ್ದರು. 2007ರ ವರದಿಯಲ್ಲಿ ಇದೇ ಇದೆ: ಹಾಸ್ಟೆಲ್‌ನಲ್ಲಿ ಬೇರೆಯಾಗಿಸುವುದು, ಶಿಕ್ಷಕರ ನೆರವು ಸಿಗದಿರುವುದು. ಹನ್ನೆರಡು ವರ್ಷದ ನಂತರ, 2019ರ ಮೇನಲ್ಲಿ, ಮುಂಬೈನಲ್ಲಿ ಡಾ. ಪಾಯಲ್ ತಡ್ವಿ ತೀರಿಕೊಂಡರು, ಸೀನಿಯರ್‌ಗಳ ಜಾತಿ ಕಿರುಕುಳವೇ ಕಾರಣ ಅನ್ನುವ ಆರೋಪವಿತ್ತು. ತಡ್ವಿ ಭಿಲ್ ಆದಿವಾಸಿ ಸಮುದಾಯದ ಹುಡುಗಿ, ಸ್ತ್ರೀರೋಗ ವಿಭಾಗದ ಪಿಜಿ. ಅವರ ತಾಯಿ ಮತ್ತು 2016ರಲ್ಲಿ ತೀರಿಕೊಂಡ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಅವರ ತಾಯಿ ಇಬ್ಬರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ಕಾಲೇಜುಗಳಲ್ಲಿ ತಾರತಮ್ಯ ತಡೆಯಲು 2012ರಲ್ಲೇ ಯುಜಿಸಿ ಮಾಡಿದ ನಿಯಮಗಳು ಕಾಗದದಲ್ಲೇ ಉಳಿದಿವೆ, ಜಾರಿ ಮಾಡಿಸಿ ಅಂತ.

ಅದಕ್ಕೇ ಮೇಡಂ, ಪಾಠದ ಜೊತೆಗೆ ಇದನ್ನೂ ನೋಡಿ. ಅವಳು ಊಟ ಯಾರ ಜೊತೆ ಮಾಡುತ್ತಾಳೆ? ರೂಮಿನಲ್ಲಿ ಯಾರು ಮಾತಾಡಿಸುತ್ತಾರೆ? ತುಂಬಾ ಕುಗ್ಗಿದ್ದರೆ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ನೀವೇ ಪಕ್ಕದಲ್ಲಿ ಕೂತು ಮಾಡಿಸಿ.

ಬಾಲ್ಟಿಮೋರ್_ಕನ್ನಡಿಗ

'ರೆಮಿಡಿಯಲ್' ಬೋರ್ಡಿನ ಮಾತು ಓದಿ ಇಲ್ಲಿ ಅಮೆರಿಕದ್ದೊಂದು ಹೇಳಬೇಕು ಅನಿಸಿತು. ನಮ್ಮ ಮನೆಯ ಹತ್ತಿರ ಯುಎಂಬಿಸಿ ಅಂತ ವಿಶ್ವವಿದ್ಯಾಲಯ ಇದೆ. 1988ರಲ್ಲಿ ಅಲ್ಲಿ ಮೇಯರ್‌ಹಾಫ್ ಸ್ಕಾಲರ್ಸ್ ಅಂತ ಕಾರ್ಯಕ್ರಮ ಶುರು ಮಾಡಿದರು. ದುಡ್ಡು ಕೊಟ್ಟವರು ಮೇಯರ್‌ಹಾಫ್ ದಂಪತಿ, ಕಟ್ಟಿದವರು ಫ್ರೀಮನ್ ಹ್ರಬೌಸ್ಕಿ. ಆಗ ಅಲ್ಲಿ ಕಪ್ಪು ಹುಡುಗರು ವಿಜ್ಞಾನಕ್ಕೆ ಸೇರುತ್ತಿದ್ದರು, ಮೊದಲ ವರ್ಷದ ಕೆಮಿಸ್ಟ್ರಿ, ಗಣಿತದಲ್ಲಿ ಬಿದ್ದು ಬಿಟ್ಟುಹೋಗುತ್ತಿದ್ದರು. ಮೊದಲ ತಂಡದಲ್ಲಿ 19 ಹುಡುಗರು.

ಅವರು ಮಾಡಿದ್ದು ಏನು ಗೊತ್ತಾ? ಬಿದ್ದವರನ್ನು ಎತ್ತುವ ಕ್ಲಾಸು ಮಾಡಲಿಲ್ಲ. "ನೀವು ಪಾಸಾದರೆ ಸಾಲದು, ಪಿಎಚ್‌ಡಿ ಮಾಡಬೇಕು" ಅಂತ ಮೊದಲ ದಿನವೇ ಹೇಳಿದರು. ಕಾಲೇಜು ಶುರುವಾಗುವ ಮೊದಲೇ ಬೇಸಿಗೆಯಲ್ಲಿ ಆರು ವಾರ ಕರೆಸಿ ಗಣಿತ, ವಿಜ್ಞಾನ ಮಾಡಿಸಿದರು. ಒಂದೇ ಕಡೆ ಇರಿಸಿದರು. ಒಬ್ಬನೇ ಕೂತು ಓದುವುದು ಅಲ್ಲಿ ತಪ್ಪು, ಗುಂಪಿನಲ್ಲೇ ಓದಬೇಕು. ಒಬ್ಬನಿಗೆ ಕಡಿಮೆ ಬಂದರೆ ಉಳಿದವರೆಲ್ಲ ಅವನ ಜೊತೆ ಕೂರಬೇಕು. ಬೇಸಿಗೆ ರಜೆಯಲ್ಲಿ ಲ್ಯಾಬಿಗೆ ಕಳಿಸುತ್ತಾರೆ. 1996ರಿಂದ ಎಲ್ಲ ಜನಾಂಗದವರನ್ನೂ ಸೇರಿಸಿಕೊಳ್ಳುತ್ತಿದ್ದಾರೆ, ಆದರೆ ಉದ್ದೇಶ ಬಿಟ್ಟಿಲ್ಲ. ಮಾಡರ್ನಾ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಂದಿದ್ದ ಕಿಜ್‌ಮೇಕಿಯಾ ಕಾರ್ಬೆಟ್ ಇಲ್ಲಿಂದಲೇ ಬಂದವರು. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಜೆರೋಮ್ ಆಡಮ್ಸ್ ಕೂಡ.

ಹಳೇ ಬ್ಯಾಚ್ ಸರ್ ಕೇಳಿದ್ದಕ್ಕೆ ನನ್ನ ಉತ್ತರ ಇದರಲ್ಲೇ ಇದೆ. ಬಾಗಿಲು ಎಲ್ಲರಿಗೂ ತೆರೆದಿರಲಿ. ಆದರೆ ಯಾರು ಬರಲಿಲ್ಲ ಅಂತ ಲೆಕ್ಕ ಇಟ್ಟು, ಅವರ ರೂಮಿಗೆ ಹೋಗಿ ಕರೆಯುವವರು ಒಬ್ಬರು ಇರಲಿ.

ಹಳೇ_ಬ್ಯಾಚ್_90

ಇದು ನನಗೆ ಹಿಡಿಸಿತು. ಇಂಟರ್ನ್ ಅವರೇ, ನೀವು ಊಟದ ತಟ್ಟೆಯ ವಿಷಯ ಹೇಳಿದ್ದು ಸರಿ. ನನ್ನ ಜೊತೆ ಓದಿದ ಇಬ್ಬರು ಯಾವತ್ತೂ ಮೆಸ್ಸಿನ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದರು. ಅವರಿಗೆ ಅದೇ ಇಷ್ಟ ಅಂದುಕೊಂಡಿದ್ದೆ. ಒಂದು ದಿನವೂ ಹೋಗಿ ಕೂರಲಿಲ್ಲ. ಮೇಡಂ, ನಾನು ವಾರಕ್ಕೆ ಎರಡು ದಿನ ರಾತ್ರಿ ಫೋನಿನಲ್ಲಿ ಫಿಸಿಯಾಲಜಿ ಹೇಳಿಕೊಡಬಲ್ಲೆ. ಕನ್ನಡದಲ್ಲೇ.

ಬಿಎಸ್ಸಿಯಿಂದ_ಲ್ಯಾಬಿಗೆ

ಎಲ್ಲರೂ ಎಂಬಿಬಿಎಸ್ ಬಗ್ಗೆ ಬರೆದಿದ್ದೀರಿ. ಬಿಎಸ್ಸಿ ಮಕ್ಕಳ ಮಾತೂ ಬರಲಿ. ನಾನು ವಿಜಯಪುರ ಜಿಲ್ಲೆಯ ಮುಸ್ಲಿಂ ಹುಡುಗಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿದವಳು. ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ ಮೂರನೇ ವರ್ಷ. ನೀಟ್‌ನಲ್ಲಿ ಸೀಟು ಸಿಗದಿದ್ದಾಗ ಮನೆಯಲ್ಲಿ ವಿಜ್ಞಾನದ ಕಥೆ ಮುಗಿಯಿತು ಅಂತಲೇ ತೀರ್ಮಾನ ಆಗಿತ್ತು. ಬಿಎಸ್ಸಿ ಆದ ಮೇಲೆ ಬಿಎಡ್, ಇಲ್ಲ ಮದುವೆ.

ಬದಲಾಗಿದ್ದು ಒಂದು ನೋಟಿಸಿನಿಂದ. ನಮ್ಮ ಝುವಾಲಜಿ ಲೆಕ್ಚರರ್ ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಬಗ್ಗೆ ಬೋರ್ಡಿಗೆ ಹಚ್ಚಿದ್ದರು. ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೆಲಸ, ಸ್ಟೈಪೆಂಡ್ ಇದೆ. ಕೆಲವರಿಗೇ ಗೊತ್ತು, ಅದಕ್ಕೆ ಶಿಕ್ಷಕರೂ ಅರ್ಜಿ ಹಾಕಬಹುದು. ಹಳ್ಳಿ ಕಾಲೇಜಿನ ಲೆಕ್ಚರರ್‌ಗಳು ದಯವಿಟ್ಟು ಹಾಕಿ, ನೀವು ಹೋಗಿ ಬಂದರೆ ನಿಮ್ಮ ಹಿಂದೆ ಮಕ್ಕಳು ಬರುತ್ತಾರೆ. ಬೆಂಗಳೂರು ಜಕ್ಕೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನಲ್ಲೂ ಇಂಥ ಬೇಸಿಗೆ ಕಾರ್ಯಕ್ರಮಗಳಿವೆ. ಹನ್ನೆರಡನೇ ತರಗತಿಯಲ್ಲಿ ಬೋರ್ಡಿನ ಮೊದಲ 1%ರಲ್ಲಿದ್ದು ಬಿಎಸ್ಸಿ ಸೇರಿದವರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್, ವರ್ಷಕ್ಕೆ 80,000 ರೂ. ಪಿಯುಸಿಯಲ್ಲಿ ಚೆನ್ನಾಗಿ ಅಂಕ ಬಂದಿದ್ದರೂ ಗೊತ್ತಿಲ್ಲದೇ ಬಿಟ್ಟವರು ನನ್ನ ಕ್ಲಾಸಿನಲ್ಲೇ ಇದ್ದರು.

ಅರ್ಜಿಯಲ್ಲಿ ಶಿಫಾರಸು ಪತ್ರ ಕೇಳುತ್ತಾರೆ. ಅಲ್ಲೇ ಮಕ್ಕಳು ನಿಂತುಬಿಡುತ್ತಾರೆ. ಸರ್ ಹತ್ತಿರ ಹೋಗಿ ಕೇಳುವುದು ಹೇಗೆ ಅನ್ನುವ ಸಂಕೋಚ. ನಾನು ಸ್ಟಾಫ್‌ರೂಮಿನ ಬಾಗಿಲಲ್ಲಿ ಎರಡು ದಿನ ನಿಂತು ವಾಪಸ್ ಬಂದಿದ್ದೆ. ಮೂರನೇ ದಿನ ಲೆಕ್ಚರರೇ ಹೊರಗೆ ಬಂದು "ಏನಮ್ಮ?" ಅಂದರು. ಶಿಕ್ಷಕರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ, ಬಾಗಿಲಲ್ಲಿ ನಿಂತವರನ್ನು ನೀವೇ ಕರೆಯಿರಿ.

ಅಬ್ಬಾ ಒಪ್ಪಿದ್ದು ಹೇಗೆ ಅಂತ ಎಲ್ಲ ಹುಡುಗಿಯರೂ ಕೇಳುತ್ತಾರೆ. ಪಿಎಚ್‌ಡಿ ಅಂದರೆ ಇನ್ನೂ ಐದು ವರ್ಷ ಫೀಸು ಕಟ್ಟಬೇಕು ಅಂತ ಅವರು ತಿಳಿದಿದ್ದರು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಯ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂ. ನನಗೇ ಕೊಡುತ್ತಾರೆ ಅಂದೆ. ನಂಬಲಿಲ್ಲ. ಮೊದಲ ತಿಂಗಳ ದುಡ್ಡು ಬಂದಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿ ಫೋಟೋ ಕಳಿಸಿದೆ. ಈಗ ಅವರೇ ಗ್ಯಾರೇಜಿಗೆ ಬರುವವರಿಗೆ "ಹುಡುಗಿಯರನ್ನು ಬಿಎಸ್ಸಿಗೆ ಹಾಕಿ" ಅನ್ನುತ್ತಾರೆ. ಮೆಡಿಕಲ್‌ಗೆ ಸೇರುವ ಅಲ್ಪಸಂಖ್ಯಾತ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಇದೆ, ಅದನ್ನೂ ವಿಚಾರಿಸಿ.

ಫಿಸಿಯಾಲಜಿ_ಟೀಚರ್

ಹದಿನಾರು ದಿನ ಆಯಿತು. ನಡೆದದ್ದನ್ನು ಹೇಳಿಬಿಡುತ್ತೇನೆ.

ಬೋರ್ಡ್ ಹಾಕಲಿಲ್ಲ. ಮಂಗಳವಾರ, ಗುರುವಾರ ಸಂಜೆ ಆರರಿಂದ ಏಳೂವರೆವರೆಗೆ ಡೆಮೊ ರೂಮ್ ತೆರೆದಿಟ್ಟೆ. "ವೈವಾ ಪ್ರಾಕ್ಟೀಸ್, ಯಾರು ಬೇಕಾದರೂ ಬನ್ನಿ" ಅಂತ ಕ್ಲಾಸಿನಲ್ಲಿ ಹೇಳಿದೆ. ಮೊದಲ ದಿನ ಹನ್ನೊಂದು ಜನ, ಅದರಲ್ಲಿ ನಾಲ್ವರು ಇಂಗ್ಲಿಷ್ ಮಾಧ್ಯಮದವರು. ನಿಯಮ ಒಂದೇ: ಮೊದಲು ನಿನ್ನ ಭಾಷೆಯಲ್ಲಿ ಹೇಳು, ಆಮೇಲೆ ಪಕ್ಕದವರು ಇಂಗ್ಲಿಷ್ ಮಾಡಲಿ, ನೀನು ಅದನ್ನು ತಿರುಗಿ ಹೇಳು. ರಾಯಚೂರಿನ ಹುಡುಗಿ ಮೊದಲ ದಿನ ಬರಲಿಲ್ಲ. ಅವಳ ರೂಮ್‌ಮೇಟನ್ನು ಕಳಿಸಿದೆ. ಎರಡನೇ ದಿನ ಬಂದು ಹಿಂದೆ ಕೂತಳು. ಮೂರನೇ ಸಲ ಮೆಣಸಿನಕಾಯಿ ಹೊಲದ ಪೈಪಿನ ಮಾತನ್ನು ಎದ್ದು ನಿಂತು ಎಲ್ಲರಿಗೂ ಹೇಳು ಅಂದೆ. ಹೇಳಿದಳು. ಬೆಂಗಳೂರಿನ ಒಬ್ಬ ಹುಡುಗ ಅದನ್ನು ಇಂಗ್ಲಿಷ್ ಮಾಡಲು ಹೋಗಿ ಅರ್ಧಕ್ಕೇ ನಿಂತ. "ಇನ್ನೊಂದ್ಸಲ ಹೇಳು, ಹಿಂದಿನ ಪೈಪು ಯಾಕೆ ಬಿಗಿ ಆಗತ್ತೆ?" ಅಂತ ಅವಳನ್ನೇ ಕೇಳಿದ.

ಮೊನ್ನೆಯ ಕ್ಲಾಸ್ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಎಂಟು ಬಂದಿದೆ. ಪಾಸಾಗಲು ಇನ್ನೂ ಎರಡು ಬೇಕಿತ್ತು. ಆದರೆ ಟಿಸಿ ಅರ್ಜಿಯನ್ನು ವಾಪಸ್ ತೆಗೆದುಕೊಂಡಳು. ಇಂಟರ್ನ್ ಅವರೇ, ನಿಮ್ಮ ಎರಡು ಕಾಲಮ್ಮಿನ ಪುಸ್ತಕ ಅವಳ ಹತ್ತಿರ ಇದೆ. ಬಲಗಡೆ ಖಾಲಿ ಇರುವ ಪುಟಗಳಲ್ಲಿ ಅವಳು ತನ್ನ ಕನ್ನಡ ತುಂಬುತ್ತಿದ್ದಾಳೆ.

ಹಾಸ್ಟೆಲ್ ವಾರ್ಡನ್ ಸರ್, ನಿಮ್ಮ ನಿಧಿಯ ಮಾತನ್ನು ಎಚ್‌ಒಡಿ ಮುಂದೆ ಇಟ್ಟೆ. ಇಲಾಖೆಯ ಆರು ಜನ ಐದೈದು ಸಾವಿರ ಹಾಕಿದ್ದೇವೆ.

ಅಂಗನವಾಡಿ_ಅಮ್ಮ

ವಾರ್ಡನ್ ಸರ್ ಹೇಳಿದ ಹಾಗೆ ನೋಡಿದೆವು. ಸೀಡಿಂಗ್ ಇದ್ದದ್ದು ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತೆಗೆದ ಖಾತೆಗೆ! ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಂಡು ಬಂದಳು. ಹಳೇ ಬ್ಯಾಚ್ ಸರ್ ನನ್ನ ಮಗಳಿಗೂ ಪಾಠ ಹೇಳುತ್ತಿದ್ದಾರೆ, ನಿಮಗೆ ಪುಣ್ಯ ಬರಲಿ. ಇಂಟರ್ನ್ ಅಣ್ಣಾ, ನೀವು ಕಳಿಸಿದ ಮೂಳೆ ಟ್ರಂಕು ಹಾಸ್ಟೆಲಿಗೆ ತಲುಪಿದೆ. ದಸರೆಗೆ ಬರುವಾಗ ಓದಲು ಮನೆಗೆ ತರಲೇ ಅಂತ ಕೇಳುತ್ತಿದ್ದಾಳೆ. ಮನೆಯಲ್ಲಿ ನಮ್ಮತ್ತೆ ಇದ್ದಾರೆ, ಸತ್ತವರ ಮೂಳೆ ಒಳಗೆ ಬರಬಾರದು ಅಂತಾರೆ. ಏನು ಹೇಳಲಿ?

ಎಸ್‌ಸಿಕೆ_ಇಂಟರ್ನ್

ಅಮ್ಮಾ, ಟ್ರಂಕು ಹಾಸ್ಟೆಲ್‌ನಲ್ಲೇ ಇರಲಿ, ಅಜ್ಜಿಗೆ ನೋವು ಮಾಡುವುದು ಬೇಡ. ದಸರೆಯಲ್ಲಿ ನಾಲ್ಕು ದಿನ ನಿದ್ದೆ ಮಾಡಲಿ, ಅವಳಿಗೆ ಅದೂ ಬೇಕು. ಓದಲೇಬೇಕು ಅಂದರೆ ಅಜ್ಜಿಯ ಕೈ ಹಿಡಿದುಕೊಂಡು ಮಣಿಕಟ್ಟಿನ ಎಂಟು ಮೂಳೆ ಎಣಿಸಲು ಹೇಳಿ. ನಾನು ನಮ್ಮ ಅಜ್ಜಿಯ ಕೈಯಲ್ಲೇ ಕಲಿತದ್ದು.